ಮದ್ರಾಸಲ್ಲಿ ಸೈಕ್ಲೋನಂತೆ

ನವೆಂಬರ್ ಮುಗಿಯುವ ಹೊತ್ತಿಗೆ ಶೇಷಾದ್ರಿಪುರಂನಲ್ಲಿ ಎರಡು ದಿನ ಬಿಸಿಲು ಕಾಣದಿದ್ದರೆ ಯಾರೂ ಪಂಚಾಂಗ ತೆರೆಯುವುದಿಲ್ಲ. ಹಾಲಿನ ಬೂತಿನ ಮುಂದೆ ಒಬ್ಬರು ‘ಮದ್ರಾಸಲ್ಲಿ ಸೈಕ್ಲೋನಂತೆ’ ಅಂದರೆ ಮುಗಿಯಿತು. ಟ್ರಂಕಿನಿಂದ ಸ್ವೆಟರು, ಮಫ್ಲರು ಹೊರಗೆ ಬರುತ್ತವೆ. ಮಕ್ಕಳ ಸ್ಕೂಲ್ ಸಾಕ್ಸು ಒಣಗದೆ ಫ್ರಿಜ್ಜಿನ ಹಿಂದೆ ನೇತಾಡುತ್ತದೆ. ಹೋಟೆಲಿನಲ್ಲಿ ಬೋಂಡದ ಬಾಣಲೆ ಒಲೆಯಿಂದ ಇಳಿಯುವುದೇ ಇಲ್ಲ. ‘ಏನ್ ವೆದರ್ರೀ!’ ಅನ್ನುತ್ತಾ ಬೈಟು ಕಾಫಿ ಕುಡಿಯುತ್ತೇವೆ.

ಬಂಗಾಳ ಕೊಲ್ಲಿಯ ಬೆಚ್ಚನೆ ನೀರಿನ ಆವಿಯಿಂದಲೇ ಚಂಡಮಾರುತಕ್ಕೆ ಬಲ. ಗಾಳಿ ಗಂಟೆಗೆ 62 ಕಿಲೋಮೀಟರು ಮುಟ್ಟಿದರೆ ಅದಕ್ಕೊಂದು ಹೆಸರಿಡುತ್ತಾರೆ. ನೆಲ ಹತ್ತಿದ ಮೇಲೆ ಆವಿ ಸಿಗದೆ ಗಾಳಿ ಸೋಲುತ್ತದೆ; ಘಟ್ಟವೇರಿ ನಮ್ಮವರೆಗೆ ಬರುವುದು ಮೋಡ ಮತ್ತು ಜಿಟಿಜಿಟಿ ಹನಿ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಸೇರಿ, ಮುಂದಕ್ಕೆ ಹೋಗದೆ ಅಲ್ಲೇ ಬಹಳ ಹೊತ್ತು ನಿಂತುಬಿಟ್ಟಿತು. ಒಂದೇ ದಿನದಲ್ಲಿ ಆ ಊರಿಗೆ 40 ಸೆಂಟಿಮೀಟರಿಗೂ ಹೆಚ್ಚು ಮಳೆ. ಬೆಂಗಳೂರಿಗೆ ವರ್ಷವಿಡೀ ಬೀಳುವುದೇ ಹತ್ತಿರ ಹತ್ತಿರ 100. ನೀರು ನಿಂತ ಬೀದಿಗಳಿಂದ ಜನರನ್ನು ಕರೆತರಲು ಅಲ್ಲಿ ಸೈನ್ಯವೇ ಇಳಿಯಬೇಕಾಯಿತು.

ಚಳಿಗೆ ಬೋಂಡ ತಿನ್ನಬೇಡಿ ಅಂತ ನಾನೇನೂ ಹೇಳುತ್ತಿಲ್ಲ, ನಾನೂ ತಿಂದವನೇ. ಆದರೆ ಸೈಕ್ಲೋನು ನಮ್ಮನ್ನು ಮುಟ್ಟದೆ ಹೋಯಿತು ಅನ್ನುತ್ತೇವಲ್ಲ, ಆ ಲೆಕ್ಕ ದೇವನಹಳ್ಳಿ ದಾಟಿದರೆ ತಪ್ಪುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸ್ವಾತಿ, ವಿಶಾಖ ಮಳೆ ಕಳೆದ ಮೇಲೆ ರಾಗಿ ಕೊಯ್ಲು. ಕೊಯ್ದದ್ದು ಹೊಲದಲ್ಲೇ ನಾಲ್ಕಾರು ದಿನ ಒಣಗಬೇಕು, ಆಮೇಲೆ ಮೆದೆ ಹಾಕುವುದು. ಸರಿಯಾಗಿ ಆಗಲೇ ಈ ಜಿಟಿಜಿಟಿ ಹಿಡಿಯುತ್ತದೆ. ಜೋರು ಮಳೆಯಾದರೆ ಬಿದ್ದು ಹರಿದುಹೋದೀತು. ಇದು ಹಾಗಲ್ಲ, ಬಿಡದೆ ಜಿನುಗಿ, ಮುಚ್ಚಿದ ಮುಷ್ಟಿಯಂಥ ತೆನೆಯ ಸಂದಿಗಳಿಗೆ ಇಳಿಯುತ್ತದೆ. ಕಾಳು ಕಪ್ಪಾಗುತ್ತದೆ. ಬಿಡಿಸಿ ನೋಡಿದರೆ ಒಳಗೆ ಬಿಳೀ ಮೊಳಕೆ. ಹುಲ್ಲಿಗೆ ಬೂಸ್ಟು ಹಿಡಿದರೆ ದನವೂ ಮೂಸುವುದಿಲ್ಲ. ಪಕ್ಕದ ಸಾಲಿನ ಅವರೆ ಹೂವೂ ಉದುರಿತೆನ್ನಿ. ಆಮೇಲೆ ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಅವರೆಕಾಯಿ ರೇಟು ಕೇಳಿ ಹುಬ್ಬೇರಿಸುವವರು ನಾವೇ.

ಅಂಥದ್ದೊಂದು ವರ್ಷ, ಸಂಕ್ರಾಂತಿಯ ಆಸುಪಾಸಿನಲ್ಲಿ, ಹೊಸ ರಾಗಿ ಬೀಸಿಸಲು ಹೋಗಿದ್ದೆ. ಗಿರಣಿಯಾತ ಒಂದು ಹಿಡಿ ಅಂಗೈಗೆ ಹಾಕಿಕೊಂಡು, ಮೂಸಿ, ವಾಪಸ್ಸು ಡಬ್ಬಕ್ಕೇ ಸುರಿದ. ‘ಹೊಲದಲ್ಲೇ ನೆಂದಿರೋದು ಸಾರ್ ಇದು. ಮುದ್ದೆ ಕಟ್ಟಲ್ಲ. ಬೀಸಿಕೊಡ್ತೀನಿ, ದೋಸೆಗೆ ಹಾಕ್ಕೊಳಿ.’