ಕಡಲೆ ಹೊಲಕ್ಕೆ ಇಳಿಯುವ ಹೆಬ್ಬಾತು

ಚಳಿ ಬಿತ್ತೆಂದರೆ ಹಿತ್ತಲ ಕಡೆ ಒಂದು ಕಣ್ಣಿಟ್ಟಿರಿ, ಮಕ್ಕಳೇ. ಮುಸುರೆ ತಿಕ್ಕಿದ ನೀರು ಹರಿಯುವಲ್ಲಿ ಬಾಲ ಕುಣಿಸುತ್ತ ಓಡಾಡುವ ಪುಟ್ಟ ಹಕ್ಕಿ ಕಂಡರೆ ಅದು ಕುಂಡೆಕುಸ್ಕ. ಹೊಟ್ಟೆ ಹಳದಿ ಇದೆಯೇ? ಹಾಗಾದರೆ ಅದು ನಮ್ಮೂರಿನದಲ್ಲ. ಅದರ ಊರಲ್ಲಿ ಹಿಮ ಬಿದ್ದು ಹುಳ ಸಿಗದೆ ಇಲ್ಲಿಗೆ ಬಂದಿದೆ.

ಇನ್ನೂ ದೊಡ್ಡ ನೆಂಟರು ಇಳಿಯುವುದು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ. ಮಳೆನೀರು ಹಿಡಿದಿಡಲು ಜನರೇ ಕಟ್ಟಿದ, ಸುಮಾರು 50 ಹೆಕ್ಟೇರ್ ಕೆರೆ ಅದು. ಚಳಿಗಾಲದಲ್ಲಿ ಇಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಸೇರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಅದೇ ಗುರುತು. ಹಗಲೆಲ್ಲ ನೀರಿನಲ್ಲಿ ವಿಶ್ರಾಂತಿ, ಕತ್ತಲಾದ ಮೇಲೆ ಸುತ್ತಲಿನ ಎರೆಹೊಲಗಳ ಕಡಲೆ, ಶೇಂಗಾ, ಹುಲ್ಲಿನ ಮೇವು. ಮೀನು ಹಿಡಿಯುವ ಹಕ್ಕಿಯಲ್ಲ ಇದು, ದನದ ಹಾಗೆ ಮೇಯುವಂಥದ್ದು! ಬೆಳೆಗೆ ಬಾಯಿ ಹಾಕಿದರೆ ರೈತರಿಗೆ ಸಿಟ್ಟು ಬರುವುದೂ ಸಹಜವೇ.

ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಅಲ್ಲಿಂದ ಇಲ್ಲಿಗೆ ಬರಲು ಹಿಮಾಲಯ ದಾಟಬೇಕು. ಐದೂವರೆ ಸಾವಿರ ಮೀಟರ್ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಬಯಲಿನಲ್ಲಿ ಸಿಗುವುದರ ಅರ್ಧ ಮಾತ್ರ. ಹೆಬ್ಬಾತಿನ ರಕ್ತದ ಹಿಮೋಗ್ಲೋಬಿನ್ ಅಷ್ಟರಲ್ಲೇ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಶ್ವಾಸಕೋಶವೂ ದೊಡ್ಡದು.

ನನಗೆ ಇದಕ್ಕಿಂತ ಸೋಜಿಗವೆನಿಸುವುದು ಅದರ ಜಾಣತನ. ಬೆನ್ನಿಗೆ ಪುಟ್ಟ ಉಪಕರಣ ಕಟ್ಟಿ ನೋಡಿದಾಗ ಒಂದು ಹಕ್ಕಿ 7,290 ಮೀಟರ್ ಏರಿದ್ದು ನಿಜ. ಆದರೆ ಬಹಳಷ್ಟು ಹಕ್ಕಿಗಳು ಅಷ್ಟು ಮೇಲೇರಿ ಅಲ್ಲೇ ಹಾರುವುದಿಲ್ಲ. ಬೆಟ್ಟ ಬಂದರೆ ಏರುತ್ತವೆ, ಕಣಿವೆ ಬಂದರೆ ಇಳಿಯುತ್ತವೆ. ಏರಿದ್ದನ್ನು ಕಳೆದುಕೊಂಡು ಮತ್ತೆ ಏರುವುದು ದಂಡವಲ್ಲವೇ? ಅಲ್ಲ. ಮೇಲಿನ ಗಾಳಿ ತೆಳು, ರೆಕ್ಕೆಗೆ ಆಸರೆ ಕಡಿಮೆ, ಬಡಿತ ಹೆಚ್ಚಿಸಲೇಬೇಕು. ತಗ್ಗಿನ ದಟ್ಟ ಗಾಳಿಯಲ್ಲಿ ಉಳಿಯುವ ಶಕ್ತಿ ಮತ್ತೆ ಏರುವ ಖರ್ಚಿಗಿಂತ ಹೆಚ್ಚು. ರಾತ್ರಿ, ನಸುಕಿನಲ್ಲಿ ಹಾರುವುದೂ ಇದೇ ಲೆಕ್ಕಕ್ಕೆ: ತಣ್ಣನೆಯ ಗಾಳಿ ಹೆಚ್ಚು ದಟ್ಟ.

ಮಾಗಡಿ ಕೆರೆ ಜಗತ್ತಿನ ಮುಖ್ಯ ಜೌಗುತಾಣಗಳ ರಾಮ್ಸಾರ್ ಪಟ್ಟಿ ಸೇರಿದ್ದನ್ನು 2024ರ ಜನವರಿಯಲ್ಲಿ ಪ್ರಕಟಿಸಿದರು. ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಮಕ್ಕಳು ಮನೆಯವರ ಜೊತೆ ಹೋಗಿ ಬರಬಹುದು. ಚುರುಮುರಿ ಎಸೆಯಬೇಡಿ, ಏರಿಯ ಮೇಲೆ ಸುಮ್ಮನೆ ಕೂತು ತಲೆ ನೋಡಿ. ಚಳಿಗಾಲದ ಆರಂಭದಲ್ಲಿ ಕೆಲವಕ್ಕೆ ಪಟ್ಟೆಯೇ ಇರುವುದಿಲ್ಲ. ಅವು ಅದೇ ವರ್ಷ ಮೊಟ್ಟೆಯೊಡೆದ ಮರಿಗಳು. ನೂರು ಹಕ್ಕಿಗಳಲ್ಲಿ ಅಂಥವು ಎಷ್ಟಿವೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷವೂ ಎಣಿಸಿದರೆ, ದೂರದ ಆ ಊರಲ್ಲಿ ಯಾವ ಬೇಸಿಗೆ ಮರಿಗಳಿಗೆ ಒಳ್ಳೆಯದಿತ್ತು ಎಂದು ಇಲ್ಲಿಂದಲೇ ಊಹಿಸಬಹುದು.