ಬಿದ್ದಾಗ ಬಿಡದವರು



ಗೆದ್ದವರ ಸುತ್ತ ಜನ ಸೇರುತ್ತಾರೆ. ಸೋತವರ ಬಾಗಿಲು ತಟ್ಟುವವರು ಕಡಿಮೆ. ಇದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಸೋಲಿನಲ್ಲೂ ಜೊತೆಗೆ ನಿಲ್ಲುವವರಿದ್ದಾರೆ. ಇಟಲಿಯ ಫುಟ್‌ಬಾಲ್ ಆಟಗಾರ ಫ್ರಾಂಕೊ ಬರೇಸಿ ಅಂಥವರು.

ಅವರು ರಕ್ಷಣಾ ಆಟಗಾರರಾಗಿದ್ದರು. ಎದುರಾಳಿಗಳು ಗೋಲು ಹೊಡೆಯದಂತೆ ತಡೆಯುವುದು ಅವರ ಕೆಲಸವಾಗಿತ್ತು. ಹುಡುಗನಾಗಿದ್ದಾಗ ಮಿಲಾನ್ ನಗರದ ಇಂಟರ್ ಕ್ಲಬ್ ಅವರನ್ನು ಆರಿಸಿಕೊಳ್ಳಲಿಲ್ಲ. ಅದೇ ನಗರದ ಎಸಿ ಮಿಲಾನ್ ಸೇರಿಸಿಕೊಂಡಿತು.

1980ರಲ್ಲಿ ಬೆಟ್ಟಿಂಗ್ ಹಗರಣದಿಂದಾಗಿ ಮಿಲಾನ್ ತಂಡವನ್ನು ಎರಡನೇ ದರ್ಜೆಗೆ ಇಳಿಸಿದರು. ಮೇಲೆದ್ದು ಬಂದ ತಂಡ 1982ರಲ್ಲಿ ಮತ್ತೆ ಕುಸಿಯಿತು. ಅದೇ ವರ್ಷ ವಿಶ್ವಕಪ್ ಗೆದ್ದ ಇಟಲಿ ತಂಡದ ಪಟ್ಟಿಯಲ್ಲಿ ಬರೇಸಿ ಇದ್ದರು. ಆದರೂ ಅವರು ಮಿಲಾನ್ ಬಿಡಲಿಲ್ಲ. 22ನೇ ವಯಸ್ಸಿಗೆ ನಾಯಕತ್ವ ಹೊತ್ತು ಎರಡನೇ ದರ್ಜೆಯಲ್ಲೇ ಆಡಿದರು.

ಮುಂದೆ ಒಳ್ಳೆಯ ದಿನಗಳು ಬಂದವು. ತಂಡ ಇಟಲಿಯಲ್ಲೂ ಯುರೋಪಿನಲ್ಲೂ ಅಗ್ರಪಟ್ಟಕ್ಕೇರಿತು. 1994ರ ವಿಶ್ವಕಪ್ ನಡುವೆ ಬರೇಸಿಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಕೆಲವೇ ವಾರಗಳಲ್ಲಿ ಅವರು ಫೈನಲ್‌ಗೆ ಮರಳಿದರು. ಬ್ರೆಜಿಲ್ ವಿರುದ್ಧ 120 ನಿಮಿಷ ಗೋಡೆಯಂತೆ ನಿಂತರು. ಕೊನೆಗೆ ಅವರ ಪೆನಾಲ್ಟಿ ಹೊಡೆತ ಗುರಿ ತಪ್ಪಿತು, ಇಟಲಿ ಸೋತಿತು. ಬರೇಸಿ ಮೈದಾನದಲ್ಲೇ ಅತ್ತರು. ಆ ಕಣ್ಣೀರು ಅವರ ಗೌರವವನ್ನು ಕುಗ್ಗಿಸಲಿಲ್ಲ.

1997ರಲ್ಲಿ ಅವರು ನಿವೃತ್ತರಾದಾಗ, ಅವರು ತೊಡುತ್ತಿದ್ದ 6ನೇ ಸಂಖ್ಯೆಯ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ಮಿಲಾನ್ ತೀರ್ಮಾನಿಸಿತು.

ನಿಷ್ಠೆ ಗೊತ್ತಾಗುವುದು ಕಷ್ಟದ ಕಾಲದಲ್ಲಿ. ನಮ್ಮ ಬಳಗದಲ್ಲೂ ಇಂದು ಯಾರೋ ಸೋತು ಕೂತಿರಬಹುದು. ಅವರನ್ನು ಮಾತನಾಡಿಸಿ. ಅವರ ಜೊತೆಗೆ ನಿಲ್ಲಿ.