ವಿಂಚ್ ಹಾಕಿಸ್ಲಾ, ಬೇಡ್ವಾ?



ಇವತ್ತು ರಾಜಕೀಯಕ್ಕೆ ಸ್ವಲ್ಪ ರಜೆ ಕೊಡೋಣ. ಕುರ್ಚಿ ಎಳೆದಾಟದ ಬಗ್ಗೆ ದಿನಾ ಮಾತಾಡ್ತೀವಿ, ಇವತ್ತು ಕೆಸರಲ್ಲಿ ಹೂತುಹೋದ ಜೀಪು ಎಳೆಯೋ ಬಗ್ಗೆ ಮಾತಾಡೋಣ. ಇದೇನಪ್ಪಾ ವಿಷಯ ಅಂತ ಚಾನೆಲ್ ಬದಲಾಯಿಸಬೇಡಿ. ಇದರೊಳಗೆ ನಮ್ಮನೆ ಅಜ್ಜಿಯ ಕಥೆ ಇದೆ. ನಾನು ಮಾಡಿದ ಒಂದು ತಪ್ಪೂ ಇದೆ.

ಕಳೆದ ವಾರ ಒಂದೇ ಪ್ರಶ್ನೆ ಎರಡು ಕಡೆಯಿಂದ ಬಂತು. ಮೊದಲನೆಯದು ಬೆಂಗಳೂರಿನ ಗೆಳೆಯನಿಂದ. ಕಾಲೇಜಲ್ಲಿ ಜೊತೆಗೆ ಓದಿದವನು, ಈಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಹೊಸ ಥಾರ್ ತಗೊಂಡಿದ್ದಾನೆ. "ಮಗಾ, ಮುಂದೆ ವಿಂಚ್ ಹಾಕಿಸ್ಲಾ, ಬೇಡ್ವಾ? ನೀನು ಮೆಕ್ಯಾನಿಕಲ್ ಅಲ್ವಾ, ಹೇಳು" ಅಂತ ಮೆಸೇಜ್ ಹಾಕಿದ್ದ. ಎರಡನೆಯದು ಸಕಲೇಶಪುರದ ಕಡೆ ಇರೋ ನಮ್ಮ ಚಿಕ್ಕಪ್ಪನಿಂದ. ಅವರದು ಹಳೇ ಫೋರ್‌ವ್ಹೀಲ್ ಜೀಪು. "ಏನೋ, ಆ ವಿಂಚ್ ಅಂತಾರಲ್ಲ, ನಮ್ಮ ಜೀಪಿಗೂ ಒಂದು ಹಾಕಿಸೋದು ಒಳ್ಳೇದಾ? ನಿನ್ ಚಿಕ್ಕಮ್ಮಂಗೆ ಈಗೀಗ ರಾತ್ರಿ ಹೊತ್ತು ದಮ್ಮು ಜಾಸ್ತಿ ಆಗ್ತಿದೆ ಕಣೋ" ಅಂದ್ರು.

ಪ್ರಶ್ನೆ ಒಂದೇ. ಆದ್ರೆ ಇಬ್ಬರಿಗೂ ಒಂದೇ ಉತ್ತರ ಕೊಡೋಕೆ ನನ್ನಿಂದ ಆಗಲಿಲ್ಲ.

ಮೊದಲು ವಿಂಚ್ ಅಂದ್ರೆ ಏನು ಅಂತ ನೋಡೋಣ. ಬಾವಿಯಿಂದ ಕೊಡ ಎಳೆದವರಿಗೆ ಇದು ಬೇಗ ಅರ್ಥ ಆಗುತ್ತೆ. ಗಾಡಿಯ ಮುಂದೆ ಒಂದು ಉರುಳೆ, ಅದಕ್ಕೆ ಸುತ್ತಿದ ಹಗ್ಗ, ಹಗ್ಗದ ತುದಿಗೆ ಕೊಕ್ಕೆ, ಉರುಳೆಯನ್ನ ತಿರುಗಿಸೋಕೆ ಒಂದು ಮೋಟಾರು. ಹಗ್ಗವನ್ನ ಗಟ್ಟಿ ಮರಕ್ಕೋ ಇನ್ನೊಂದು ಗಾಡಿಗೋ ಕಟ್ಟಿ ಗುಂಡಿ ಒತ್ತಿದ್ರೆ, ಗಾಡಿ ತನ್ನನ್ನ ತಾನೇ ಎಳೆದುಕೊಂಡು ಬರುತ್ತೆ. ನಮ್ಮ ಘಟ್ಟದ ಕಾಡುಗಳಲ್ಲಿ ಈ ಕೆಲಸಕ್ಕೆ ಮೊದಲು ಆನೆ ಇತ್ತು. ದಿಮ್ಮಿ ಎಳೀತಿತ್ತು. ಆನೆಗೆ ಒಂದು ಬುದ್ಧಿ ಇರುತ್ತೆ ನೋಡಿ, ಆಗಲ್ಲ ಅನ್ನಿಸಿದ್ರೆ ನಿಂತುಬಿಡುತ್ತೆ. ಮೋಟಾರಿಗೆ ಆ ಬುದ್ಧಿ ಇಲ್ಲ.

ಈಗ ಲೆಕ್ಕ. ವಾಡಿಕೆಯ ನಿಯಮ ಏನು ಅಂದ್ರೆ, ಜನ, ಸಾಮಾನು ಎಲ್ಲ ಸೇರಿದ ಗಾಡಿಯ ಒಟ್ಟು ತೂಕದ ಕನಿಷ್ಠ ಒಂದೂವರೆ ಪಟ್ಟು ಎಳೆಯೋ ವಿಂಚ್ ಬೇಕು. ತುಂಬಿದ ಗಾಡಿ 2200 ಕೆಜಿ ಅಂತಿಟ್ಟುಕೊಳ್ಳಿ. ಒಂದೂವರೆ ಪಟ್ಟು ಅಂದ್ರೆ 3300 ಕೆಜಿ. ಅಂಗಡಿಯಲ್ಲಿ 9500 ಪೌಂಡಿನ ವಿಂಚ್ ತೋರಿಸ್ತಾರೆ. ಕೆಜಿ ಲೆಕ್ಕದಲ್ಲಿ ಸುಮಾರು 4300. ಬೇಕಾದಷ್ಟಾಯ್ತಲ್ಲ ಅನ್ನಿಸುತ್ತೆ.

ಆದ್ರೆ ಆ 4300 ಅನ್ನೋದು ಉರುಳೆ ಮೇಲೆ ಹಗ್ಗದ ಮೊದಲನೇ ಪದರ ಮಾತ್ರ ಉಳಿದಿರುವಾಗ ಸಿಗೋ ಶಕ್ತಿ. ಹಗ್ಗ ಸುತ್ತಿಕೊಳ್ತಾ ಉರುಳೆ ದಪ್ಪ ಆದ ಹಾಗೆ ಎಳೆಯೋ ಶಕ್ತಿ ಇಳಿಯುತ್ತೆ. ನಾಲ್ಕನೇ ಪದರದ ಹೊತ್ತಿಗೆ ಸಾಮಾನ್ಯವಾಗಿ 2500ರ ಆಸುಪಾಸಿಗೆ ಬಂದಿರುತ್ತೆ. ಅಂದ್ರೆ ಮರ ಹತ್ತಿರ ಇದ್ದಷ್ಟೂ ನಿಮ್ಮ ವಿಂಚ್ ದುರ್ಬಲ. ಇನ್ನು ಗಾಡಿ ಎಷ್ಟು ಹೂತಿದೆ ಅನ್ನೋದರ ಮೇಲೆ ಭಾರ ಬದಲಾಗುತ್ತೆ. ಅಮೆರಿಕದ ಸೇನೆಯ ಲೆಕ್ಕದ ಪ್ರಕಾರ ಚಕ್ರದಷ್ಟು ಹೂತಿದ್ರೆ ಗಾಡಿಯ ತೂಕದಷ್ಟೇ ಎಳೆತ ಬೇಕು, ಚಕ್ರದ ಮೇಲಿನ ಮಡ್‌ಗಾರ್ಡ್‌ವರೆಗೆ ಹೂತಿದ್ರೆ ತೂಕದ ಎರಡು ಪಟ್ಟು ಬೇಕು. ಏರು ದಾರಿ ಆಗಿದ್ರೆ ಅದರ ಮೇಲೆ ಇನ್ನಷ್ಟು.

ಇದಕ್ಕೊಂದು ಪರಿಹಾರ ಇದೆ. ಬಾವಿಯ ರಾಟೆ ಥರದ್ದೇ ಒಂದು ರಾಟೆಯನ್ನ ಮರಕ್ಕೆ ಕಟ್ಟಿ, ಹಗ್ಗವನ್ನ ಅದರ ಮೂಲಕ ಹಾಯಿಸಿ ವಾಪಸ್ ಗಾಡಿಗೇ ಸಿಗಿಸಬೇಕು. ಆಗ ಎಳೆತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತೆ, ವೇಗ ಅರ್ಧ ಆಗುತ್ತೆ. ವಿಂಚ್‌ಗೆ ದುಡ್ಡು ಸುರಿದು ಈ ರಾಟೆ ಕೊಳ್ಳದವರು ತುಂಬಾ ಜನ ಇದ್ದಾರೆ.

ಕರೆಂಟಿನ ಕಥೆಯೂ ಕೇಳಿ. ಇಂಥ ವಿಂಚ್ ಪೂರ್ತಿ ಭಾರ ಎಳೆಯುವಾಗ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 400 ಆಂಪಿಯರ್ ಎಳೆಯುತ್ತೆ. ಮನೆಯ ಎರಡು ಗೀಸರ್ ಒಟ್ಟಿಗೆ ಹಾಕಿದ್ದಕ್ಕಿಂತ ಜಾಸ್ತಿ. ಎಂಜಿನ್ ಆನ್ ಇರಬೇಕು, ಸ್ವಲ್ಪ ಎಳೆದು ಬಿಟ್ಟು, ಮತ್ತೆ ಎಳೆಯಬೇಕು. ಎಂಜಿನ್ನಿಗೆ ನೀರು ನುಗ್ಗಿ ಆಫ್ ಆದ್ರೆ, ಬ್ಯಾಟರಿಯಲ್ಲಿ ಇರೋಷ್ಟು ಹೊತ್ತು ಮಾತ್ರ ವಿಂಚ್.

ಈಗ ಅಜ್ಜಿಯ ಕಥೆಗೆ ಬರ್ತೀನಿ.

ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದೆ. ಜುಲೈ ತಿಂಗಳು. ಮಲೆನಾಡಿನ ಜುಲೈ ಹೇಗಿರುತ್ತೆ ಅಂತ ಅಲ್ಲಿಯವರಿಗೆ ಹೇಳೋದು ಬೇಡ. ಅಜ್ಜಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ರು. ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಮನೆಯಿಂದ ಟಾರ್ ರಸ್ತೆಗೆ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ, ಮಧ್ಯೆ ಒಂದು ಹಳ್ಳ. ಅಜ್ಜಿಯನ್ನ ಜೀಪಿನ ಹಿಂದಿನ ಸೀಟಲ್ಲಿ ಮಲಗಿಸಿದ್ವಿ. ಹಳ್ಳಕ್ಕೆ ಇಳಿಯೋ ಇಳಿಜಾರಲ್ಲಿ ಜೀಪು ಜಾರಿ, ಮೂತಿ ಕೆಳಗೆ ಮಾಡಿಕೊಂಡು ಹೂತುಹೋಯ್ತು. ಚೈನ್ ಹಾಕಿದ ಚಕ್ರ ಕೂಡ ಸುಮ್ಮನೆ ತಿರುಗ್ತಿತ್ತು. ಹಳ್ಳದ ನೀರು ಏರ್ತಿತ್ತು.

ಎಂಟು ಜನ ಸೇರಿ ಎಳೆದ್ರೂ ಆಗಲಿಲ್ಲ. ಪಕ್ಕದ ತೋಟದಿಂದ ಟ್ರ್ಯಾಕ್ಟರ್ ಬಂತು, ಜೊತೆಗೆ ದಿಮ್ಮಿ ಎಳೆಯೋ ಚೈನು. ಆ ಚೈನಿನ ಕೊಂಡಿಯನ್ನ ಜೀಪಿನ ಹಿಂದಿನ ಬಂಪರಿಗೆ ಸಿಗಿಸಿದ್ದು ನಾನು. ಗಾಡಿಯ ಚಾಸಿಗೆ ಸಿಗಿಸಬೇಕಿತ್ತು. ಎಂಜಿನಿಯರಿಂಗ್ ಓದ್ತಿದ್ದೀನಿ, ನಂಗೊತ್ತು ಬಿಡಿ ಅಂದಿದ್ದೆ. ಟ್ರ್ಯಾಕ್ಟರ್ ಜಗ್ಗಿತು. ಬಂಪರ್ ಕಿತ್ತು ಬಂದು, ಟ್ರ್ಯಾಕ್ಟರ್ ಹಿಂದೆ ನಿಂತಿದ್ದ ಹುಡುಗನ ತಲೆಯ ಪಕ್ಕದಲ್ಲೇ ಹಾರಿಹೋಯ್ತು. ಒಂದು ಗೇಣು ಈಚೆ ಬಂದಿದ್ರೆ ನಾನು ಇವತ್ತು ಇಲ್ಲಿ ಕೂತು ಮಾತಾಡೋ ಮುಖ ಇಟ್ಟುಕೊಂಡಿರ್ತಿರಲಿಲ್ಲ.

ಇಷ್ಟೆಲ್ಲ ಆಗುವಾಗ ಅಜ್ಜಿ ಎಲ್ಲಿದ್ರು ಗೊತ್ತಾ? ಜೀಪಿನ ಒಳಗೇ. ಪ್ರತಿ ಸಲ ಜಗ್ಗಿದಾಗ ಮುರಿದ ಮೂಳೆ ಅಲುಗಿ ಕೂಗ್ತಿದ್ರು. ಎರಡು ಗಂಟೆ ನಾವೆಲ್ಲ ಜೀಪು ಬಿಡಿಸೋದರಲ್ಲೇ ಮುಳುಗಿದ್ವಿ. ಕೊನೆಗೆ ತೋಟದ ಕೆಲಸದ ಹೆಂಗಸೊಬ್ಬರು ಬಂದು, "ಜೀಪು ಇಲ್ಲೇ ಬಿದ್ದಿರ್ಲಿ, ಅಮ್ಮೋರನ್ನ ಮಂಚದ ಮೇಲೆ ಎತ್ಕೊಂಡು ಸಂಕ ದಾಟ್ಸಿ" ಅಂದ್ರು. ಇನ್ನೂರು ಹೆಜ್ಜೆ ಮೇಲೆ ಕಾಲುಸಂಕ ಇತ್ತು! ದಿನಾ ದಾಟೋ ಸಂಕ. ಹತ್ತು ನಿಮಿಷಕ್ಕೆ ಆಚೆ ದಡ. ಅಲ್ಲಿಂದ ಇನ್ನೊಬ್ಬರ ಗಾಡಿ.

ಅಜ್ಜಿಗೆ ಆಪರೇಷನ್ ಆಯ್ತು. ಆಮೇಲೆ ಆರು ವರ್ಷ ಇದ್ರು. ಆದ್ರೆ ಮಳೆಗಾಲದಲ್ಲಿ ಮತ್ತೆ ಜೀಪು ಹತ್ತಲಿಲ್ಲ.

ಅದಕ್ಕೇ ಹೇಳ್ತಿರೋದು, ವಿಂಚ್ ಬೇಕಾ ಬೇಡ್ವಾ ಅಂತ ಕೇಳೋದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ನೀವು ಉಳಿಸಬೇಕಾಗಿರೋದು ಯಾರನ್ನ? ಗಾಡಿಯನ್ನಾ, ಗಾಡಿಯೊಳಗೆ ಇರೋರನ್ನಾ?

ಗೆಳೆಯನ ವಿಷಯಕ್ಕೆ ಬರೋಣ. ಅವನ ಥಾರ್ ವಾರಕ್ಕೆ ಐದು ದಿನ ಆಫೀಸಿಗೆ ಹೋಗುತ್ತೆ. ತಿಂಗಳಿಗೊಮ್ಮೆ ನಾಲ್ಕೈದು ಗಾಡಿಗಳ ಗುಂಪಲ್ಲಿ ಬೆಟ್ಟಕ್ಕೆ ಹೋಗುತ್ತೆ. ಒಂದು ಸಿಕ್ಕಿಕೊಂಡ್ರೆ ಎಳೆಯೋಕೆ ಇನ್ನೊಂದಿದೆ. ಅವನಿಗೆ ಹೇಳಿದೆ, ಮೊದಲು ಟೈರಿನ ಗಾಳಿ ಇಳಿಸೋದು ಕಲಿ. ಗಾಳಿ ಕಡಿಮೆ ಆದ್ರೆ ಟೈರು ಅಗಲವಾಗಿ ನೆಲ ಹಿಡಿಯುತ್ತೆ. ಒಂದು ಸಲಿಕೆ, ಚಕ್ರದ ಕೆಳಗೆ ಕೊಡೋ ಒಂದು ಜೊತೆ ಹಲಗೆ, ಹಿಗ್ಗೋ ಒಂದು ಒಳ್ಳೆ ಹಗ್ಗ, ಮತ್ತೆ ಕಂಪನಿಯೇ ಎಳೆಯೋಕೆ ಅಂತ ಕೊಟ್ಟಿರೋ ಜಾಗ ಗಾಡಿಯಲ್ಲಿ ಎಲ್ಲಿದೆ ಅನ್ನೋ ಜ್ಞಾನ. ನಿನಗೆ ಇಷ್ಟು ಸಾಕು.

"ಗೋವಾದ ರೇನ್‌ಫಾರೆಸ್ಟ್ ಚಾಲೆಂಜ್ ವಿಡಿಯೋದಲ್ಲಿ ಎಲ್ರೂ ವಿಂಚ್ ಹಾಕಿರ್ತಾರಲ್ಲೋ" ಅಂದ. ಹಾಕಿರ್ತಾರಪ್ಪ, ಅದು ಸ್ಪರ್ಧೆ. ಅಲ್ಲಿ ಸ್ಟೀರಿಂಗ್ ಹಿಡಿಯೋನು ಒಬ್ಬ, ಕೆಸರಿಗೆ ಇಳಿದು ಹಗ್ಗ ನೋಡ್ಕೊಳ್ಳೋನು ಇನ್ನೊಬ್ಬ. ಇಬ್ಬರೂ ಪಳಗಿದವರು. ನೀನು ಹೋಗೋದು ಹೆಂಡತಿ ಮಕ್ಕಳ ಜೊತೆ.

ಇನ್ನೊಂದು ಮಾತು. ವಿಂಚ್ ಇದ್ರೆ ಧೈರ್ಯ ಬರುತ್ತೆ. ಇಳಿಯಬಾರದ ಹಳ್ಳಕ್ಕೆ ಇಳಿಸೋ ಧೈರ್ಯ. ಸಿಕ್ಕಿಕೊಂಡಾಗ ಹಗ್ಗ ಕಟ್ಟೋದು ಯಾರ ಮರಕ್ಕೆ? ಯಾರದೋ ಕಾಫಿ ತೋಟದ ಸಿಲ್ವರ್ ಓಕ್‌ಗೆ. ಅದರ ಮೇಲೆ ಮೆಣಸಿನ ಬಳ್ಳಿ ಹಬ್ಬಿರುತ್ತೆ. ಅಗಲವಾದ ಪಟ್ಟಿ ಬಳಸದೆ ಉಕ್ಕಿನ ಹಗ್ಗ ನೇರ ಸುತ್ತಿದ್ರೆ ತೊಗಟೆ ಸೀಳುತ್ತೆ, ಬಳ್ಳಿಯೂ ಹೋಗುತ್ತೆ. ನಿಮ್ಮ ವೀಕೆಂಡಿನ ಖುಷಿಗೆ ಇನ್ನೊಬ್ಬರ ವರ್ಷಗಳ ದುಡಿಮೆ.

ಕಾನೂನು ಏನು ಹೇಳುತ್ತೆ? ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸಬೇಡಿ ಅನ್ನುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ನಿಯಮ ಮೀರಿ ಮಾಡಿದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ವಿಂಚ್ ಕೂರಿಸೋಕೆ ಸಾಮಾನ್ಯವಾಗಿ ಕಂಪನಿ ಬಂಪರ್ ತೆಗೆದು ದಪ್ಪ ಕಬ್ಬಿಣದ ಬಂಪರ್ ಹಾಕ್ತಾರೆ. ಅಪಘಾತದಲ್ಲಿ ಎಷ್ಟು ನಜ್ಜುಗುಜ್ಜಾಗಬೇಕು, ಏರ್‌ಬ್ಯಾಗ್ ಯಾವಾಗ ತೆರೆಯಬೇಕು ಅನ್ನೋ ಲೆಕ್ಕ ಮೂಲ ಬಂಪರ್ ಇಟ್ಟುಕೊಂಡು ಮಾಡಿರ್ತಾರೆ. ಕಬ್ಬಿಣ ಬಂದ್ರೆ ಆ ಲೆಕ್ಕ ತಪ್ಪಬಹುದು. ಡಿಕ್ಕಿಯಾದ ಪಾದಚಾರಿಗೂ ಅದು ಅಪಾಯ. ಹಾಗಾಗಿ ಹಾಕಿಸಲೇಬೇಕು ಅನ್ನೋರು ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ.

ಇನ್ನು ಚಿಕ್ಕಪ್ಪ. ಅವರಿಗೆ ಇದು ಶೋಕಿ ಅಲ್ಲ. ಮಳೆಗಾಲದಲ್ಲಿ ಆ ಜೀಪೇ ಆಂಬುಲೆನ್ಸು. ಹಿಂದೆ ಬರೋ ಗಾಡಿ ಇಲ್ಲ, ಕೆಲವು ಕಡೆ ಫೋನ್ ಸಿಗ್ನಲ್ಲೂ ಇಲ್ಲ. ಎಳೆಯೋ ಸಾಧನ ಬೇಕಾಗಿರೋದು ಇಂಥವರಿಗೆ.

ಆದ್ರೂ ಮುಂದೆ ಕೂರಿಸೋ ಮೋಟಾರ್ ವಿಂಚ್ ಬೇಡ ಅಂದೆ. ಯಾಕೆ ಅಂದ್ರೆ, ಅದು ಎಳೆಯೋದು ಮುಂದಕ್ಕೆ. ಅವತ್ತು ಜೀಪಿನ ಮುಂದೆ ಏನಿತ್ತು? ಹಳ್ಳ. ನಮಗೆ ಬೇಕಿದ್ದದ್ದು ಹಿಂದಕ್ಕೆ ಎಳೆಯೋದು. ಸಿಕ್ಕಿಕೊಂಡವನಿಗೆ ಎಷ್ಟೋ ಸಲ ಬಂದ ದಾರಿಯೇ ಕ್ಷೇಮ.

ಅವರಿಗೆ ಕೈ ವಿಂಚ್ ತಗೊಳ್ಳಿ ಅಂದೆ. ಕರೆಂಟ್ ಲೈನ್ ಎಳೆಯೋರು ಬಳಸ್ತಾರಲ್ಲ, ಟಿರ್ಫರ್ ಅಂತ ಕರೀತಾರೆ, ಅದು. ಸನ್ನೆಗೋಲು ಹಿಂದೆ ಮುಂದೆ ಆಡಿಸಿದ್ರೆ ಹಗ್ಗ ಇಂಚಿಂಚೇ ಬರುತ್ತೆ. 1.6 ಟನ್ನಿನದು ಸಿಗುತ್ತೆ, ರಾಟೆ ಸೇರಿಸಿದ್ರೆ ಸುಮಾರು ಮೂರು ಟನ್. ಬ್ಯಾಟರಿ ಬೇಡ, ಬಂಪರ್ ಬದಲಾಯಿಸೋದು ಬೇಡ. ಯಾವ ದಿಕ್ಕಿಗೆ ಬೇಕೋ ಆ ದಿಕ್ಕಿಗೆ ಎಳೆಯಬಹುದು. ದಾರಿಗೆ ಮರ ಬಿದ್ರೆ ಅದನ್ನೂ ಎಳೆಯಬಹುದು. ನಿಧಾನ, ಬೆವರು ಬರುತ್ತೆ. ಆದ್ರೆ ಭಾರ ಜಾಸ್ತಿ ಆಗ್ತಿದೆ ಅನ್ನೋದು ಕೈಗೇ ಗೊತ್ತಾಗುತ್ತೆ.

ಜೊತೆಗೆ ನಾಲ್ಕು ಮಾತು ಬರೆದು ಜೀಪಿನ ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಳ್ಳಿ ಅಂದೆ. ಎಳೆಯೋಕೆ ಮೊದಲು ಒಳಗಿರೋರನ್ನ ಇಳಿಸಬೇಕು. ಕೊಂಡಿ ಯಾವತ್ತೂ ಬಂಪರಿಗಲ್ಲ, ಚಾಸಿಗೆ. ಬಿಗಿದ ಹಗ್ಗದ ಮೇಲೆ ಒದ್ದೆ ಗೋಣಿಚೀಲ ಹೊದಿಸಬೇಕು, ತುಂಡಾದ್ರೆ ಹಾರೋ ರಭಸ ತಗ್ಗುತ್ತೆ. ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು, ಯಾರೂ ದಾಟಬಾರದು. ವಿಂಚ್ ಹಾಕಿಸಿರೋ, ಹಾಕಿಸೋ ಎಲ್ಲರಿಗೂ ಈ ನಾಲ್ಕು ಮಾತು ಅನ್ವಯಿಸುತ್ತೆ. ದಯವಿಟ್ಟು ಮರೆಯಬೇಡಿ.

ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡ್ರು. "ಸರಿ ಕಣೋ, ಕೈ ವಿಂಚೇ ತರ್ತೀನಿ" ಅಂದ್ರು. ಫೋನ್ ಇಡೋ ಮುಂಚೆ ಒಂದು ಮಾತು ಸೇರಿಸಿದ್ರು. "ನೀನು ದಿನಾ ಟಿವೀಲಿ ಅಷ್ಟೊಂದು ಮಾತಾಡ್ತೀಯಲ್ಲ, ಇದನ್ನೂ ಒಂದ್ಸಲ ಹೇಳು. ಆ ಹಳ್ಳಕ್ಕೆ ಒಂದು ಮೋರಿ, ಇಳಿಜಾರಿಗೆ ನೂರು ಮೀಟರ್ ಕಾಂಕ್ರೀಟ್ ಹಾಕಿಸಿದ್ರೆ ನಂಗೆ ಯಾವ ವಿಂಚೂ ಬೇಡ."

ಹೇಳಿದ್ದೀನಿ ಚಿಕ್ಕಪ್ಪ. ಕೇಳಬೇಕಾದವರು ಕೇಳಿಸಿಕೊಳ್ಳಲಿ.

ನಾಳೆ ಮತ್ತೆ ಸಿಗೋಣ. ನಮಸ್ಕಾರ.